ಬೆಂಕಿಯನ್ನು ಕೊಟ್ಟ ಕೈ

(ದಶಲಕ್ಷಣ ಪರ್ವದ ಸಂದರ್ಭದಲ್ಲಿ ಪುಣೆಯ ಕನ್ನಡ ಜೈನ ಕುಟುಂಬಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)



ಈ ನಗರದ ಯರವಾಡ ಕಾರಾಗೃಹವೆಂದೊಡನೆ ನಮಗೆ ನೆನಪಾಗುವುದು ಗಾಂಧೀಜಿಯವರ 1932ರ ಉಪವಾಸ ಮತ್ತು ಪುಣೆ ಒಪ್ಪಂದ. ಅದೇ ಕಾರಾಗೃಹದಿಂದ 1957ರ ಸೆಪ್ಟೆಂಬರಿನಲ್ಲಿ ಬೇರೊಬ್ಬ ಬಂದಿ ಹೊರಬಂದ. ಅವನು ಲಾತೂರಿನ ವಕೀಲ, ರಜಾಕಾರರ ನಾಯಕ ಕಾಸಿಂ ರಜ್ವಿ. ಪಾಕಿಸ್ತಾನಕ್ಕೆ ಹೊರಟುಹೋಗಬೇಕೆಂಬ ಷರತ್ತಿನ ಮೇಲೆ ಬಿಡುಗಡೆಯಾಗಿ, ಹಾಗೆಯೇ ಹೊರಟುಹೋದ. ಅವನು ಶಿಕ್ಷೆ ಅನುಭವಿಸಿದ್ದು ಬೀಬಿನಗರದ ದರೋಡೆ ಪ್ರಕರಣದಲ್ಲಿ. ಬೀದರ, ಕಲಬುರಗಿ, ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಎದ್ದ ಹೊಗೆಯ ಲೆಕ್ಕ ಯಾವ ಕಡತದಲ್ಲಿಯೂ ಪೂರ್ತಿಯಾಗಲಿಲ್ಲ. ನಮ್ಮಲ್ಲಿ ಅನೇಕರ ಮೂಲ ಆ ಸೀಮೆಯೇ ಆದುದರಿಂದ ಇಂದಿನ ವಿಷಯವನ್ನು ಅಲ್ಲಿಂದಲೇ ಆರಂಭಿಸುತ್ತೇನೆ.

ಇತ್ತೀಚೆಗೆ ‘ಮಿಶ್ರ ಯುದ್ಧ’ ಎಂಬ ಮಾತು ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುತ್ತಿದೆ. ಯುದ್ಧವನ್ನು ಘೋಷಿಸದೆ, ಸೈನಿಕನಿಗೆ ಸಮವಸ್ತ್ರ ತೊಡಿಸದೆ, ಬಾಡಿಗೆಯ ಕೈಗಳಿಂದ ಎದುರಾಳಿಯ ಗೋದಾಮು, ಅಂಗಡಿ, ರೈಲುಗಳನ್ನು ಹಾಳುಗೆಡವುವ ವಿದ್ಯೆಯೂ ಇದರಲ್ಲಿ ಒಂದು. 2024ರ ಮಾರ್ಚ್‌ನಲ್ಲಿ ಲಂಡನ್ನಿನ ಲೇಟನ್‌ನಲ್ಲಿ, ಉಕ್ರೇನಿಗೆ ಕಳುಹಿಸಬೇಕಾದ ಸಾಮಗ್ರಿಯಿದ್ದ ಗೋದಾಮಿಗೆ ಬೆಂಕಿ ಬಿತ್ತು. ಮೇ 9ರಂದು ವಿಲ್ನಿಯಸ್‌ನ ಐಕಿಯಾ ಮಳಿಗೆ ಹೊತ್ತಿತು. ಮೂರು ದಿನಗಳ ಅನಂತರ ವಾರ್ಸಾದಲ್ಲಿ ಸುಮಾರು 1,400 ಅಂಗಡಿಗಳಿದ್ದ ಒಂದು ಮಾರುಕಟ್ಟೆ ಸುಟ್ಟುಹೋಯಿತು. ಇವುಗಳ ಹಿಂದೆ ರಷ್ಯಾದ ಹಸ್ತವಿದೆಯೆಂದು ಆ ದೇಶಗಳ ತನಿಖಾಧಿಕಾರಿಗಳ ಅಭಿಪ್ರಾಯ. ರಷ್ಯಾ ಅದನ್ನು ನಿರಾಕರಿಸುತ್ತದೆ. ವಿಲ್ನಿಯಸ್‌ನಲ್ಲಿ ಕೆಲಸಕ್ಕೆ ತೊಡಗಿದವನು ಹದಿಹರೆಯದ ಹುಡುಗ; ಅವನೂ ನಿರಾಶ್ರಿತರ ನಾಡಾದ ಉಕ್ರೇನಿನವನು. ಅವನಿಗೆ ಆಶ್ವಾಸನೆ ನೀಡಿದ್ದು ಹತ್ತು ಸಾವಿರ ಯೂರೋ ಮತ್ತು ಒಂದು ಬಿಎಂಡಬ್ಲ್ಯು ಕಾರು. ಸಿಕ್ಕಿಬೀಳುವವರು ಇಂಥ ಹುಡುಗರು. ಟೆಲಿಗ್ರಾಂನಲ್ಲಿ ಕೂಲಿ ನಿಗದಿ ಮಾಡಿದವನು ನ್ಯಾಯಾಲಯದ ಕಟಕಟೆಗೆ ಬರುವುದು ವಿರಳ.

ಯುರೋಪಿಗೆ ಇದು ಹೊಸತೆನ್ನಿಸಬಹುದು, ಹೈದರಾಬಾದ್ ಕರ್ನಾಟಕಕ್ಕಲ್ಲ. 1947ರ ನವೆಂಬರ್ 29ರಂದು ನಿಜಾಮ ಸರ್ಕಾರವು ಭಾರತದೊಡನೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿತು. ಕಾಗದದ ಮೇಲೆ ಶಾಂತಿಯಿತ್ತು. ಹಳ್ಳಿಗಳಲ್ಲಿ ರಜಾಕಾರರಿದ್ದರು. ಅವರು ಸರ್ಕಾರದ ಸೈನ್ಯವಲ್ಲ, ಸ್ವಯಂಸೇವಕರು ಎಂಬುದೇ ಪ್ರಭುತ್ವಕ್ಕಿದ್ದ ಅನುಕೂಲ. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ಹತ್ಯಾಕಾಂಡ ನಡೆಯಿತು. ಅದೇ ತಿಂಗಳು ಕಲಬುರಗಿ ಜಿಲ್ಲೆಯ ಗಾಣಗಾಪುರ ನಿಲ್ದಾಣದಲ್ಲಿ ರೈಲಿನ ಮೇಲೆ ದಾಳಿಯಾಯಿತು. ದೂರು ಬಂದಾಗ ಸರ್ಕಾರ ಕೈ ತೊಳೆದುಕೊಂಡಿತು. ಮುಂದೆ ಪ್ರಧಾನಿಯಾಗಿದ್ದ ಲಾಯಕ್ ಅಲಿ 1950ರಲ್ಲಿ ಗೃಹಬಂಧನದಿಂದ ತಪ್ಪಿಸಿಕೊಂಡು ಪಾಕಿಸ್ತಾನ ಸೇರಿದರು. ನಿಜಾಮರು ಅದೇ ವರ್ಷ ನಮ್ಮ ಗಣರಾಜ್ಯದ ರಾಜಪ್ರಮುಖರಾದರು. ಕೆಳಗಿನವರಿಗೆ ಜೈಲು, ಮೇಲಿನವರಿಗೆ ರಾಜಮರ್ಯಾದೆ. ರಾಜಕೀಯ ಅನಿವಾರ್ಯತೆ ಏನೇ ಇರಲಿ, ಈ ವ್ಯತ್ಯಾಸವನ್ನು ನಾವು ಗಮನಿಸದೆ ಹೋಗಬಾರದು.

ಈ ವ್ಯತ್ಯಾಸವನ್ನು ಒಪ್ಪದ ಒಂದು ವಿಚಾರಪದ್ಧತಿ ನಮ್ಮ ಮನೆಯಲ್ಲಿಯೇ ಇದೆ. ಕೃತ, ಕಾರಿತ, ಅನುಮೋದನ ಎಂಬ ಮೂರನ್ನು ಪ್ರತಿಕ್ರಮಣದಲ್ಲಿ ನಾಲಿಗೆಯ ತುದಿಯಿಂದ ಹೇಳಿ ಮುಗಿಸುತ್ತೇವೆ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದವನನ್ನು ಮೆಚ್ಚಿದ್ದು, ಈ ಮೂರರಿಂದಲೂ ಕರ್ಮಾಸ್ರವ ಉಂಟು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಹೇಳುವಾಗ ‘ಹಿಂಸಾದಾನ’ವನ್ನು ಸೇರಿಸಿದ್ದಾರೆ. ಕೊಡಲಿ, ಖಡ್ಗ, ಸರಪಳಿ ಮೊದಲಾದ ವಧಸಾಧನಗಳನ್ನು ಪರರ ಕೈಗೆ ಕೊಡುವುದೇ ಹಿಂಸಾದಾನ. ಆ ಪಟ್ಟಿಯಲ್ಲಿ ಬೆಂಕಿಯೂ ಇದೆ. ನೆರೆಮನೆಯವರಿಗೆ ಕೆಂಡ ಕೊಡಬಾರದೆಂಬ ಮಡಿಯ ನಿಯಮವೆಂಬಂತೆ ಕೆಲವರು ಇದನ್ನು ಅರ್ಥಮಾಡಿಕೊಂಡದ್ದುಂಟು! ಬೆಂಕಿ ಹಚ್ಚಿದವನ ಹಿಂದೆ ನಿಂತು ‘ನಾನಲ್ಲ’ ಎನ್ನುವವನ ಬಾಯಿ ಮುಚ್ಚಿಸುವ ಮಾತಿದು.

ದೇಶ ತನ್ನನ್ನು ರಕ್ಷಿಸಿಕೊಳ್ಳಬಾರದೆಂದು ನಮ್ಮ ಧರ್ಮ ಹೇಳಿಲ್ಲ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಸೇನಾಪತಿಯಾಗಿದ್ದವನು. ಗೃಹಸ್ಥನಿಗೆ ವಿರೋಧೀ ಹಿಂಸೆ ತಪ್ಪದು, ಸಂಕಲ್ಪೀ ಹಿಂಸೆ ಸಲ್ಲದು. ಮೈಸೂರಿನಲ್ಲಿ ಶಾಮಾಶಾಸ್ತ್ರಿಗಳು ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರ ಈ ವಿಷಯದಲ್ಲಿ ನಿಷ್ಠುರವಾದ ಗ್ರಂಥ. ಹಕ್ಕಿಗಳ ಬಾಲಕ್ಕೆ ಬೆಂಕಿಮದ್ದು ಕಟ್ಟಿ ಶತ್ರುವಿನ ಕೋಟೆಗೆ ಬಿಡುವ ಉಪಾಯವನ್ನೂ ಹೇಳುತ್ತದೆ. ಅಂಥ ಕೌಟಿಲ್ಯನೇ, ಪರಾಕ್ರಮದಿಂದ ಗೆಲ್ಲಲು ಸಾಧ್ಯವಿರುವಾಗ ಬೆಂಕಿಯನ್ನು ಬಳಸಬೇಡವೆನ್ನುತ್ತಾನೆ. ಬೆಂಕಿಯನ್ನು ನಂಬಲಾಗದು, ಅದು ಜನ, ಧಾನ್ಯ, ಪಶುಗಳನ್ನು ಲೆಕ್ಕವಿಲ್ಲದೆ ನುಂಗುತ್ತದೆ ಎಂಬುದು ಅವನು ಕೊಡುವ ಕಾರಣ. ಇದು ದಯೆಯ ಮಾತಲ್ಲ, ಆಡಳಿತಗಾರನ ಲೆಕ್ಕಾಚಾರ.

ಇನ್ನು ಹೇಳುವ ಮಾತು ಕೆಲವರಿಗೆ ಕಹಿಯಾಗಬಹುದು. ಸೊಲ್ಲಾಪುರ, ಮುಂಡರಗಿ ಮೊದಲಾದೆಡೆ ಗಡಿಯಲ್ಲಿದ್ದ ಹೋರಾಟಗಾರರ ಶಿಬಿರಗಳಿಂದಲೂ ನಿಜಾಮ ಸೀಮೆಯೊಳಗೆ ದಾಳಿಗಳಾದವು. ಸುಂಕದ ನಾಕಾಗಳು, ಪೊಲೀಸ್ ಠಾಣೆಗಳು ಗುರಿಯಾದವು. ಸುಂಕದ ಕಟ್ಟೆ ಸುಡುವುದೂ ಊರು ಸುಡುವುದೂ ಒಂದೇ ಎಂದು ನಾನು ಹೇಳಲಾರೆ. ಆದರೆ 1948ರ ಸೆಪ್ಟೆಂಬರ್ 17ರಂದು ನಿಜಾಮರು ಶರಣಾದ ಬಳಿಕ ನಡೆದುದಕ್ಕೆ ಯಾವ ಸಮರ್ಥನೆಯೂ ಇಲ್ಲ. ರಜಾಕಾರರ ಪಾಪಕ್ಕೆ ನಿರಪರಾಧಿ ಮುಸ್ಲಿಮರು ಬೆಲೆ ತೆತ್ತರು. ಸರ್ಕಾರವೇ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ, ಬೀದರಗಳೂ ಇದ್ದವು. ಕೆಲವೆಡೆ ಸಮವಸ್ತ್ರದವರೂ ಲೂಟಿಗೆ ಪ್ರೇರಣೆ ನೀಡಿದರೆಂದು ಆ ವರದಿ ಹೇಳುತ್ತದೆ. ರಕ್ಷಣೆಗೆ ನಿಂತ ಅಧಿಕಾರಿಗಳನ್ನೂ ಸ್ಮರಿಸುತ್ತದೆ. ದಶಕಗಳ ಕಾಲ ಅದು ಜನರ ಕೈಗೆ ಸಿಗಲಿಲ್ಲ. ಮಾಡಿದ್ದು ಒಬ್ಬರು, ಮಾಡಿಸಿದ್ದು ಇನ್ನೊಬ್ಬರು. ಸುಮ್ಮನೆ ತಲೆದೂಗಿದವರು ಎಷ್ಟು ಮಂದಿಯೋ.

ಈ ತಲೆದೂಗುವಿಕೆ ಇಂದು ನಮ್ಮ ಮೊಬೈಲುಗಳಲ್ಲಿದೆ. ಗಡಿಯಾಚೆ ಎಲ್ಲೋ ಒಂದು ಕಾರ್ಖಾನೆ ಹೊತ್ತಿ ಉರಿದರೆ ‘ನಮ್ಮವರ ಕೈಚಳಕ’ ಎಂದು ಹಿಗ್ಗುವ ಸಂದೇಶ ಜೈನ ಗುಂಪುಗಳಲ್ಲಿಯೂ ಹರಿದಾಡುತ್ತದೆ. ಸಂಜೆ ಚೌವಿಹಾರ, ರಾತ್ರಿ ಈ ಹಿಗ್ಗು. ಇತ್ತ ಊರಿನಲ್ಲಿ ಏನಾದರೂ ಸ್ಫೋಟವಾದರೆ ತನಿಖೆಗೆ ಮೊದಲೇ ಅಪರಾಧಿಯ ಜಾತಿ ನಿರ್ಧಾರವಾಗುತ್ತದೆ. 2010ರ ಫೆಬ್ರವರಿ 13ರಂದು ಇದೇ ಊರಿನ ಜರ್ಮನ್ ಬೇಕರಿಯಲ್ಲಿ 17 ಜನ ಸತ್ತರು. ಕೆಳ ನ್ಯಾಯಾಲಯವು 2013ರಲ್ಲಿ ಒಬ್ಬನಿಗೆ ಗಲ್ಲುಶಿಕ್ಷೆ ವಿಧಿಸಿತು. 2016ರಲ್ಲಿ ಉಚ್ಚ ನ್ಯಾಯಾಲಯ ಸಂಚಿನ ಆರೋಪದಿಂದ ಅವನನ್ನು ಬಿಡಿಸಿ, ಸ್ಫೋಟಕವನ್ನು ಇಟ್ಟುಕೊಂಡಿದ್ದ ಅಪರಾಧವನ್ನು ಉಳಿಸಿತು. ಮಾಡಿಸಿದವರನ್ನು ಹಿಡಿಯುವುದಕ್ಕೆ ಬೇಕಾದುದು ಸಾಕ್ಷ್ಯ. ಆರ್ಭಟ ಅದರ ದಾರಿಯನ್ನು ಕೆಡಿಸುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ಬೀದರ, ಕಲಬುರಗಿ, ಉಸ್ಮಾನಾಬಾದ ಕಡೆಯಿಂದ ಬಂದ ಹಿರಿಯರು ಈ ನಗರದಲ್ಲಿ ಇನ್ನೂ ಕೆಲವರಿದ್ದಾರೆ. 1948ರಲ್ಲಿ ಮಕ್ಕಳಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ಅವರು ಕಂಡದ್ದನ್ನು ಈ ಚಾತುರ್ಮಾಸ ಮುಗಿಯುವುದರೊಳಗೆ ಬರೆದಿಡೋಣ. ಯಾರು ಸುಟ್ಟರು ಎಂದಷ್ಟೇ ಕೇಳದೆ, ಎಣ್ಣೆ ಯಾರು ಕೊಟ್ಟರು, ಆಗ ಊರಿನವರು ಏನಂದರು ಎಂಬುದನ್ನೂ ಕೇಳೋಣ. ನೆರೆಯ ಮುಸ್ಲಿಂ ಮನೆಗಳ ಹಿರಿಯರನ್ನೂ ಬಿಡುವುದು ಬೇಡ. ಉರ್ದು ಬಲ್ಲವರು ಯಾರಾದರೂ ಇದ್ದರೆ ಸಭೆ ಮುಗಿದ ಮೇಲೆ ದಯವಿಟ್ಟು ಹೆಸರು ಕೊಡಿ.