ಓಲೆಗರಿಯಿಂದ ಅಚ್ಚಿನ ಮೊಳೆಗೆ



ಯುರೋಪಿನ ಪುನರುಜ್ಜೀವನವೆಂದೊಡನೆ ನಾವು ಚಿತ್ರಶಿಲ್ಪಗಳ ವೈಭವವನ್ನು ನೆನೆಯುವೆವಾದರೂ, ಅದರ ಬೇರಿನಲ್ಲಿದ್ದುವು ಮರೆತ ಗ್ರಂಥಗಳ ಶೋಧ ಹಾಗೂ ಅವುಗಳನ್ನು ಬಹುಜನರ ಕೈಗಿತ್ತ ಮುದ್ರಣಯಂತ್ರ ಎಂಬುದನ್ನು ಮೊದಲು ಮನಗಾಣಬೇಕು. 1345ರಲ್ಲಿ ವೆರೋನಾ ನಗರದ ಗ್ರಂಥಭಂಡಾರದಲ್ಲಿ ಪ್ರಾಚೀನ ರೋಮಿನ ಸಿಸೆರೋನ ಪತ್ರಗಳನ್ನು ಕಂಡು ಸ್ವಹಸ್ತದಿಂದ ಪ್ರತಿಮಾಡಿಕೊಂಡ ಪೆಟ್ರಾರ್ಕನಂಥವರ ಪರಿಶ್ರಮವು ಕೆಲವೇ ವಿದ್ವಾಂಸರ ಸೊತ್ತಾಗಿ ಉಳಿಯಬಹುದಿತ್ತು. ಆದರೆ ಮೈನ್ಸ್ ಪಟ್ಟಣದ ಗುಟೆನ್‌ಬರ್ಗನು, ಬಿಡಿಬಿಡಿಯಾಗಿ ಎರಕಹೊಯ್ದ ಲೋಹದ ಮೊಳೆಗಳನ್ನು ಜೋಡಿಸಿ, 1455ರ ಸುಮಾರಿಗೆ ಬೈಬಲ್ಲನ್ನು ಅಚ್ಚುಮಾಡಿದ ಮೇಲೆ, ಒಂದು ಪ್ರತಿಯಿದ್ದೆಡೆ ನೂರಾರು ಪ್ರತಿಗಳಾದುವು. ಎರಾಸ್ಮಸ್ಸನು ಪರಿಷ್ಕರಿಸಿದ ಗ್ರೀಕ್ ಹೊಸ ಒಡಂಬಡಿಕೆ 1516ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾದಾಗ, ಶಾಸ್ತ್ರದ ಮೂಲವನ್ನೇ ಮುಂದಿಟ್ಟುಕೊಂಡು ವಿಚಾರಿಸುವ ಧೈರ್ಯ ವಿದ್ವಜ್ಜನರಲ್ಲಿ ಬಲಿಯಿತು. ಮುಂದೆ ಅದೇ ಬಾಸೆಲಿನ ಮಿಶನ್ನಿನವರೇ 1841ರಲ್ಲಿ ನಮ್ಮ ಕನ್ನಡನಾಡಿನ ಮಂಗಳೂರಿನಲ್ಲಿ ಮುದ್ರಣಾಲಯವನ್ನು ತೆರೆದರು.

ಶೋಧ ಮತ್ತು ಮುದ್ರಣಗಳ ಈ ಕಥೆ ನಮಗೆ ದೂರದ್ದಲ್ಲ. ಹನ್ನೆರಡನೆಯ ಶತಮಾನದಲ್ಲಿ ಇದೇ ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿ, ಗುಡಿಗಳನ್ನೆತ್ತಿಸಿ, ಅಲ್ಲಮಪ್ರಭುವಿನ ಸಂಗದಿಂದ ಅಂತರ್ಮುಖನಾದ ಸಿದ್ಧರಾಮನ ಚರಿತೆಯನ್ನು ರಾಘವಾಂಕನು ಷಟ್ಪದಿಯಲ್ಲಿ ಹಾಡಿದನು. ಆದರೂ ಸಿದ್ಧರಾಮನ ವಚನಗಳು, ಇತರ ಶರಣರ ವಚನಗಳಂತೆಯೇ, ಮಠಮನೆಗಳ ಓಲೆಗರಿಯ ಕಟ್ಟುಗಳಲ್ಲಿ ಬಹುಕಾಲ ಅಡಗಿದ್ದುವು. ನಮ್ಮ ನೆರೆಯ ಬಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಆ ಕಟ್ಟುಗಳನ್ನು ಸಂಗ್ರಹಿಸಿ, ಓದಿ, ಶೋಧಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, ಅಷ್ಟಕ್ಕೇ ತೃಪ್ತರಾಗದೆ, 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿ, ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಶೋಧಕನ ಕಾರ್ಯವನ್ನೂ ಮುದ್ರಕನ ಕಾರ್ಯವನ್ನೂ ಒಂದೇ ಜೀವಮಾನದಲ್ಲಿ ಹೊತ್ತು ನಡೆದ ಈ ಮಹನೀಯರು ನಮ್ಮ ಪುನರುಜ್ಜೀವನದ ಅಗ್ರಪುರುಷರೆಂದರೆ ಅತಿಶಯವಲ್ಲ.

ಸೊಲ್ಲಾಪುರವೂ ಈ ಕಾರ್ಯದಲ್ಲಿ ಹಿಂದುಳಿಯಲಿಲ್ಲ. ಜೀವರಾಜ ಜೈನ ಗ್ರಂಥಮಾಲೆಯ ಮೂಲಕ ಪ್ರಾಚೀನ ಜೈನಕೃತಿಗಳು ಈ ನಗರದಿಂದಲೇ ಶಾಸ್ತ್ರೀಯ ಸಂಪಾದನೆಗೊಂಡು ಹೊರಬಂದುವು. 1912ರಲ್ಲಿ ಇಲ್ಲಿಯೇ ಜನಿಸಿದ ಜಯದೇವಿತಾಯಿ ಲಿಗಾಡೆಯವರು, ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡಿಕೊಳ್ಳುವ ತ್ರಿಪದಿಯಲ್ಲಿಯೇ ಸಿದ್ಧರಾಮನ ಪುರಾಣವನ್ನು ರಚಿಸಿ, ವಚನಗಳನ್ನು ಮರಾಠಿಗೂ ತಂದು, ಎರಡು ಭಾಷೆಗಳ ಬಾಳುವೆಯನ್ನು ಬೆಸೆದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ, ಆ ಪೀಠವನ್ನೇರಿದ ಮೊದಲ ಮಹಿಳೆಯಾದರು.

ಯಂತ್ರವೊಂದರಿಂದಲೇ ಸಮಾಜವು ಎಚ್ಚರುವುದಿಲ್ಲ. ಹಳೆಯದನ್ನು ಅರಸುವವನೂ, ಅದನ್ನು ಹರಡುವವನೂ, ಓದಿ ವಿಚಾರಿಸುವವನೂ ಕೂಡಿದಲ್ಲಿ ಮಾತ್ರ ಎಚ್ಚರುವುದು. ಆದುದರಿಂದ ಅಕ್ಕಲಕೋಟೆ, ಮೈಂದರಗಿ, ದುಧನಿಗಳಿಂದ ಬಂದಿರುವ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ: ನಿಮ್ಮ ಮನೆಯ ಅಟ್ಟದಲ್ಲಾಗಲಿ ಊರಿನ ಮಠದಲ್ಲಾಗಲಿ ಓಲೆಗರಿಯ ಕಟ್ಟೊಂದು ಕಂಡರೆ, ಪೂಜಿಸಿ ಮರಳಿ ಕಟ್ಟಿಡಬೇಡಿರಿ, ಬಲ್ಲವರಿಂದ ಓದಿಸಿರಿ, ಪ್ರತಿಮಾಡಿಸಿರಿ, ನಿಮ್ಮ ಕನ್ನಡ ಶಾಲೆಯ ಮಕ್ಕಳ ಕೈಗೆ ಅದನ್ನು ಮುಟ್ಟಿಸಿರಿ.