ಊರಿಗೆ ಬಂದವಳು ನೀರಿಗೆ ಬಾರಳೇ?

(ಗ್ರಾಮೀಣ ದಂಪತಿಗಳ ಸಭೆಯಲ್ಲಿ ಹಿರಿಯ ಆರೋಗ್ಯ ಸಹಾಯಕಿಯೊಬ್ಬರು ಮಾಡಿದ ಭಾಷಣ)



“ಊರಿಗೆ ಬಂದವಳು ನೀರಿಗೆ ಬಾರಳೇ?” ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಹೊಸದಾಗಿ ಬಂದ ಹೆಣ್ಣುಮಗಳನ್ನು ಕಾಣಲು ಅವಸರಪಡಬೇಕಾಗಿಲ್ಲ. ಇಂದಲ್ಲ ನಾಳೆ ಅವಳು ಕೊಡ ಹಿಡಿದು ಕೆರೆಗೆ ಬಂದೇ ಬರುತ್ತಾಳೆ ಎಂಬುದು ಅದರ ಅರ್ಥ. ಗಾದೆ ಸುಳ್ಳಲ್ಲ. ಆದರೆ ಅವಳು ಬಂದಾಗ ಕೆರೆಯ ದಂಡೆಯ ಮೇಲೆ ನಿಂತಿರುವ ನಾವು ಏನು ಮಾಡಬೇಕೆಂಬುದನ್ನು ಗಾದೆ ಹೇಳುವುದಿಲ್ಲ. ಅದನ್ನು ನಾವೇ ನಿರ್ಧರಿಸಬೇಕು. ಇಂದು ಆ ವಿಷಯವನ್ನು ಕುರಿತೇ ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ.

ಕುಟುಂಬ ಕಲ್ಯಾಣದ ಸಭೆಯಲ್ಲಿ ಪರಸ್ಥಳದವರ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನವಲಗುಂದ, ಅಣ್ಣಿಗೇರಿಯ ಎರೆಭೂಮಿಗೆ ಹತ್ತಿ ಬಿಡಿಸುವ ಕಾಲದಲ್ಲಿಯೂ ಕಡಲೆ ಕೀಳುವ ಕಾಲದಲ್ಲಿಯೂ ಕೂಲಿಯ ಕುಟುಂಬಗಳು ಬರುತ್ತವೆ. ಕಲಘಟಗಿಯ ಕಡೆಗೆ ಕಬ್ಬು ಕಡಿಯುವವರು ಬರುತ್ತಾರೆ. ಇಟ್ಟಿಗೆ ಸುಡುವವರು, ರಸ್ತೆ ಮಾಡುವವರು, ಕುರಿ ಕಾಯುವವರು ಬರುತ್ತಾರೆ. ಅವರೂ ಗಂಡಹೆಂಡಿರೇ; ಅವರಿಗೂ ಮಕ್ಕಳಿದ್ದಾರೆ. ಅವರ ಗುಡಿಸಲು ಊರಿನ ಅಂಚಿನಲ್ಲಿದ್ದರೂ ಅವರ ಆರೋಗ್ಯ ಊರಿನ ಆರೋಗ್ಯದ ಹೊರಗಿಲ್ಲ.

ಈ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಎರೆಭೂಮಿಯ ಒಂದು ಹಳ್ಳಿ ನನ್ನ ಪಾಲಿಗಿತ್ತು. ಮನೆಮನೆಗೆ ಹೋಗಿ ಅರ್ಹ ದಂಪತಿಗಳ ಹೆಸರನ್ನು ನೋಂದಣಿ ಪುಸ್ತಕದಲ್ಲಿ ಬರೆದುಕೊಳ್ಳುವುದು, ಗರ್ಭಿಣಿಯರನ್ನು ಗುರುತಿಸುವುದು ನನ್ನ ಕರ್ತವ್ಯ. ಪುಸ್ತಕವನ್ನು ಬಹಳ ಅಚ್ಚುಕಟ್ಟಾಗಿ ಇಟ್ಟಿದ್ದೆನೆಂಬ ಹೆಮ್ಮೆಯೂ ನನಗಿತ್ತು. ಆ ವರ್ಷ ಹತ್ತಿ ಬಿಡಿಸಲು ದೂರದಿಂದ ಬಂದ ಒಂದು ಕುಟುಂಬ ಹೊಲದ ಬದುವಿನಲ್ಲಿ ಗುಡಿಸಲು ಹಾಕಿತ್ತು. ಹೆಣ್ಣುಮಗಳು ತುಂಬಿದ ಗರ್ಭಿಣಿ. ನಾನು ಆ ದಾರಿಯಲ್ಲಿ ಮೂರು ಸಲ ಹಾದುಹೋದೆ. ಒಮ್ಮೆಯೂ ನಿಲ್ಲಲಿಲ್ಲ. ಗುಡಿಸಲಿಗೆ ಮನೆಯ ಸಂಖ್ಯೆ ಇರಲಿಲ್ಲ. ಆದ್ದರಿಂದ ಅವಳು ನನ್ನ ಪುಸ್ತಕದಲ್ಲಿಯೂ ಇರಲಿಲ್ಲ.

ಅವಳು ಒಂದು ದಿನ ಸಿಹಿನೀರಿನ ಕೆರೆಗೆ ಬಂದಿದ್ದಳಂತೆ. “ನೀ ಯಾರ ಪೈಕಿ?” ಎಂದು ಯಾರೋ ಕೇಳಿದರಂತೆ. ಉತ್ತರ ಹೇಳಲು ಭಾಷೆ ಬಾರದೆ ಖಾಲಿ ಕೊಡದೊಂದಿಗೆ ಹಿಂದಿರುಗಿದಳು. ಅಂದಿನಿಂದ ಆ ಕುಟುಂಬ ಹಳ್ಳದ ಹೊಂಡದ ನೀರನ್ನು ಕುಡಿಯಿತು. ಬೇಧಿ ಹತ್ತಿ ಅವಳು ಸೊರಗಿದಳು. ತಿಂಗಳು ತುಂಬುವ ಮೊದಲೇ ಒಂದು ರಾತ್ರಿ ನೋವು ಕಾಣಿಸಿಕೊಂಡಿತು. ಯಾರ ಬಾಗಿಲು ತಟ್ಟಬೇಕೆಂಬುದು ಗಂಡನಿಗೆ ತಿಳಿಯಲಿಲ್ಲ. ಪಕ್ಕದ ಹೊಲ ಕಾಯುತ್ತಿದ್ದ ಮುದುಕಿಯೊಬ್ಬಳು ಕೂಗನ್ನು ಕೇಳಿ ಕಂದೀಲು ಹಿಡಿದು ಓಡಿದಳು. ತಾಯಿ ಉಳಿದಳು. ಮಗು ಬೆಳಗಾಗುವವರೆಗೆ ಮಾತ್ರ ಇತ್ತು.

ನಾನು ಹೋದಾಗ ಆ ಮುದುಕಿ ನನ್ನನ್ನು ಬೈಯಲಿಲ್ಲ. “ಇವಳು ಇಲ್ಲಿ ಇದ್ದದ್ದು ನಿನಗ ಗೊತ್ತಿರಲಿಲ್ಲೇನವ್ವಾ?” ಎಂದಷ್ಟೇ ಕೇಳಿದಳು. ಗೊತ್ತಿತ್ತು, ತಾಯಂದಿರೇ. ನನಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಗೊತ್ತಿದ್ದೂ ಅವಳು ನಮ್ಮವಳೆಂದು ಯಾರೂ ಎಣಿಸಲಿಲ್ಲ. ಅಂದಿನಿಂದ ನಾನು ಸಂಖ್ಯೆ ಇಲ್ಲದ ಗುಡಿಸಲಿಗೇ ಮೊದಲು ಹೋಗುವ ರೂಢಿ ಮಾಡಿಕೊಂಡೆ.

ಇಲ್ಲಿ ಕುಳಿತಿರುವ ತಾಯಂದಿರಿಗೆ ಒಂದು ಮಾತು ಕೇಳುತ್ತೇನೆ. ನಿಮ್ಮಲ್ಲಿ ಎಷ್ಟು ಜನ ಇದೇ ಊರಿನಲ್ಲಿ ಹುಟ್ಟಿದವರು? ಹೆಚ್ಚಿನವರು ಮದುವೆಯಾಗಿ ಬಂದವರಲ್ಲವೇ? ಮೊದಲ ದಿನ ಯಾವ ಓಣಿ ಎಲ್ಲಿಗೆ ಹೋಗುತ್ತದೆಂಬುದು ನಿಮಗೂ ತಿಳಿದಿರಲಿಲ್ಲ. ಆಗ ಯಾರೋ ಒಬ್ಬಾಕೆ “ಬಾರವ್ವಾ, ನಿನ್ನ ಕೊಡಾ ಮೊದಲ ತುಂಬಿಕೋ” ಎಂದಿರಬೇಕು. ಆಕೆಯ ಹೆಸರನ್ನು ನೀವು ಇಂದಿಗೂ ಮರೆತಿರಲಾರಿರಿ. ನಿಮಗಾದರೋ ಉಡಿ ತುಂಬಿ ಬರಮಾಡಿಕೊಳ್ಳುವ ಮನೆಯೊಂದಿತ್ತು. ಗುಡಿಸಲಿನ ಹೆಣ್ಣುಮಗಳಿಗೆ ಅದೂ ಇಲ್ಲ.

ನಮ್ಮ ನಾಡು ಬಂದವರನ್ನು ಬರಮಾಡಿಕೊಂಡು ಎಂದೂ ಬಡವಾಗಿಲ್ಲ. ಉತ್ತರದ ಕೈರಾನಾ ಊರಿನ ಉಸ್ತಾದ್ ಅಬ್ದುಲ್ ಕರೀಂ ಖಾನರಿಗೆ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಆದರ ದೊರೆಯಿತು. ಅವರು ಕಲಿಸಿದ ವಿದ್ಯೆ ಸವಾಯಿ ಗಂಧರ್ವರ ಮೂಲಕ ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ದೊರೆತು, ಕುಂದಗೋಳದ ಹೆಸರು ದೇಶವಿಡೀ ಹಬ್ಬಿತು. ನವಲಗುಂದದ ಜಮಖಾನೆಯನ್ನು ನೇಯುವ ಮನೆತನಗಳ ಹಿರಿಯರು ವಿಜಯಪುರದ ಕಡೆಯಿಂದ ಬಂದವರೆಂದು ಹೇಳುತ್ತಾರೆ. ಇಂದು ಆ ಜಮಖಾನೆಯನ್ನು ನಾವು ನಮ್ಮದೆಂದೇ ಹೇಳಿಕೊಳ್ಳುತ್ತೇವೆ.

ಇನ್ನೊಂದು ಉದಾಹರಣೆ ನಮ್ಮ ನೆರೆಯಲ್ಲಿಯೇ ಇದೆ. 1959ರ ತರುವಾಯ ತಮ್ಮ ದೇಶವನ್ನು ಬಿಟ್ಟು ಬಂದ ಟಿಬೆಟಿನ ಜನರಿಗೆ ಅಂದಿನ ಮೈಸೂರು ರಾಜ್ಯವು ಮೊದಲು ಬೈಲಕುಪ್ಪೆಯಲ್ಲಿ, ಬಳಿಕ 1966ರಲ್ಲಿ ಕಲಘಟಗಿಯ ನೆರೆಯ ಮುಂಡಗೋಡಿನಲ್ಲಿ ಭೂಮಿಯನ್ನು ಕೊಟ್ಟಿತು. ಹಿಮದ ನಾಡಿನವರಿಗೆ ಈ ಸೆಕೆ ಹೊಸದು, ಮಳೆ ಹೊಸದು, ಭಾಷೆ ಹೊಸದು. ಬಂದವರಲ್ಲಿ ಕ್ಷಯರೋಗವೂ ಹೆಚ್ಚಾಗಿತ್ತು. ಅದು ಅವರ ಕುಲದ ದೋಷವಲ್ಲ. ಇಕ್ಕಟ್ಟಾದ ವಾಸ, ಅರೆಹೊಟ್ಟೆಯ ಊಟ, ದಣಿವು ಇವು ಯಾರಿಗೆ ಬಂದರೂ ಕ್ಷಯ ಅವರನ್ನು ಹಿಂಬಾಲಿಸುತ್ತದೆ. ಕಾಡು ಕಡಿದ ನೆಲದಲ್ಲಿ ಅವರು ಗೋವಿನಜೋಳ, ಭತ್ತ ಬೆಳೆಯಲು ಕಲಿತರು. ಸುತ್ತಲಿನ ಹಳ್ಳಿಗಳ ಜನರಿಗೆ ಅವರ ಹೊಲಗಳಲ್ಲಿ ಕೆಲಸ ದೊರೆಯಿತು. ಅವರು ಕಟ್ಟಿಕೊಂಡ ಆಸ್ಪತ್ರೆಗೆ ಸುತ್ತಲಿನವರೂ ಹೋಗುವಂತಾಯಿತು. ಚಳಿಗಾಲದಲ್ಲಿ ಹುಬ್ಬಳ್ಳಿಗೆ ಹೋದಾಗ ನೀವು ಅವರಿಂದ ಮಕ್ಕಳಿಗೆ ಸ್ವೆಟರ್ ಕೊಂಡಿರಬಹುದು. ಕನ್ನಡದಲ್ಲಿಯೇ ಚೌಕಾಶಿ ಮಾಡಿರಬಹುದು. ನೆಲೆ ದೊರೆತವನು ತಾನೂ ನಿಲ್ಲುತ್ತಾನೆ, ನೆರೆಯವನಿಗೂ ಆಸರೆಯಾಗುತ್ತಾನೆ.

ಹಾಗಾದರೆ ನಾವು ಮಾಡಬೇಕಾದುದೇನು? ಹಣ ಖರ್ಚಿಲ್ಲದ ಕೆಲವು ಕೆಲಸಗಳನ್ನು ಹೇಳುತ್ತೇನೆ.

ಮೊದಲನೆಯದು, ಭೇಟಿ. ಹೊಸ ಕುಟುಂಬ ಬಂದ ವಾರದೊಳಗೆ ಗಂಡಹೆಂಡಿರಿಬ್ಬರೂ ಕೂಡಿ ಅಲ್ಲಿಗೆ ಹೋಗಿರಿ. ಜಾತಿಯನ್ನು ಕೇಳುವ ಮೊದಲು ಹೆಸರನ್ನು ಕೇಳಿರಿ. ಅಂಗನವಾಡಿ, ಆಸ್ಪತ್ರೆ, ಪಡಿತರದ ಅಂಗಡಿ ಎಲ್ಲಿವೆಯೆಂದು ತೋರಿಸಿರಿ. ಭಾಷೆ ಬಾರದಿದ್ದರೆ ಕೈಸನ್ನೆ ಸಾಕು. ಊರಿನಲ್ಲಿ ಏನಾದರೂ ಕಳವಾದರೆ ಮೊದಲು ಅವರತ್ತ ಬೆರಳು ತೋರಿಸುವ ಕೆಟ್ಟ ಚಾಳಿಯನ್ನು ಬಿಡಿರಿ.

ಎರಡನೆಯದು, ನೀರು. ಎರೆಭೂಮಿಯ ಬಾವಿಗಳಲ್ಲಿ ಸವಳು ನೀರೇ ಹೆಚ್ಚು. ಸಿಹಿನೀರಿಗೆ ಕೆರೆಯೇ ಗತಿ. ಅದನ್ನು ಹೊಸಬರಿಗೆ ನಿರಾಕರಿಸಿದರೆ ಅವರು ಹೊಂಡದ ನೀರನ್ನು ಕುಡಿಯುತ್ತಾರೆ. ಅಲ್ಲಿ ಹುಟ್ಟಿದ ವಾಂತಿಬೇಧಿ ಗುಡಿಸಲಿನಲ್ಲಿಯೇ ನಿಲ್ಲುವುದಿಲ್ಲ. ನೊಣದ ಮೂಲಕ, ನೀರಿನ ಮೂಲಕ ನಿಮ್ಮ ತೊಟ್ಟಿಲಿನವರೆಗೂ ಬರುತ್ತದೆ. ಕುಡಿಯುವ ನೀರನ್ನು ಕುದಿಸಿ ಆರಿಸುವುದನ್ನೂ ಶೌಚದ ಬಳಿಕ ಸಾಬೂನಿನಿಂದ ಕೈ ತೊಳೆಯುವುದನ್ನೂ ಅವರಿಗೆ ಹೇಳಿರಿ, ನೀವೂ ಪಾಲಿಸಿರಿ. ಮಗುವಿಗೆ ಬೇಧಿಯಾದರೆ ಓ.ಆರ್.ಎಸ್. ದ್ರಾವಣವನ್ನು ಕುಡಿಸುತ್ತಿರಬೇಕು, ಎದೆಹಾಲನ್ನು ನಿಲ್ಲಿಸಬಾರದು. ಜಿಂಕ್ ಮಾತ್ರೆಗಳನ್ನು ಆರೋಗ್ಯ ಕಾರ್ಯಕರ್ತೆ ಕೊಡುತ್ತಾರೆ. ಬೇಧಿ ನಿಂತರೂ 14 ದಿನ ಪೂರ್ತಿ ಕೊಡಬೇಕು.

ಮೂರನೆಯದು, ಗರ್ಭಿಣಿಯ ರಕ್ಷಣೆ. ಗುಡಿಸಲಿನಲ್ಲಿ ಗರ್ಭಿಣಿ ಇದ್ದರೆ ಅಂದೇ ಆಶಾ ಕಾರ್ಯಕರ್ತೆಗೆ ತಿಳಿಸಿರಿ. ತಾಯಿ ಕಾರ್ಡು ಬೇರೆ ಊರಿನಲ್ಲಿ ಮಾಡಿಸಿದ್ದೆಂದು ಯಾರೂ ಅಂಜಬೇಕಾಗಿಲ್ಲ. ಅದನ್ನು ತೋರಿಸಿದರೆ ಮುಂದಿನ ತಪಾಸಣೆ ಇಲ್ಲಿ ನಡೆಯುತ್ತದೆ. ಕಡಿಮೆಯೆಂದರೂ ನಾಲ್ಕು ಸಲ ತಪಾಸಣೆ ಆಗಬೇಕು. ಪ್ರತಿ ತಿಂಗಳ 9ನೆಯ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ಉಚಿತವಾಗಿ ನಡೆಯುತ್ತದೆ. ಕೂಲಿ ಕೊಡುವ ಯಜಮಾನರು ಅಂದು ಅವಳಿಗೆ ಬಿಡುವು ಕೊಡಬೇಕು. ನೋವು ಕಾಣಿಸಿದಾಗ 108ಕ್ಕೆ ಫೋನು ಮಾಡಲು ಹೊಲದ ಗುರುತನ್ನು ಹೇಳಬಲ್ಲವರು ಬೇಕು. ಆ ಕೆಲಸ ನಿಮ್ಮದು. “ರಾತ್ರಿ ಯಾವ ಹೊತ್ತಿನಲ್ಲಾದರೂ ನಮ್ಮ ಬಾಗಿಲು ತಟ್ಟಿರಿ” ಎಂದು ಮೊದಲೇ ಹೇಳಿಟ್ಟಿರಿ.

ನಾಲ್ಕನೆಯದು, ಲಸಿಕೆ. ಊರೂರು ತಿರುಗುವವರ ಮಕ್ಕಳಿಗೆ ಲಸಿಕೆಗಳು ತಪ್ಪುವುದು ಸಹಜ. ಒಂದು ಸರದಿ ತಪ್ಪಿದರೆ ಮತ್ತೆ ಮೊದಲಿನಿಂದ ಹಾಕಿಸಬೇಕೆಂಬ ತಪ್ಪು ತಿಳಿವಳಿಕೆಯಿಂದ ಅನೇಕರು ಸುಮ್ಮನಾಗುತ್ತಾರೆ. ಹಾಗಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ದಡಾರದ ಲಸಿಕೆ ಒಂಬತ್ತನೆಯ ತಿಂಗಳಿಗೆ ತಪ್ಪಿದ್ದರೂ ಐದು ವರ್ಷ ತುಂಬುವವರೆಗೆ ಹಾಕಿಸಬಹುದು. 2014ರಲ್ಲಿ ನಮ್ಮ ದೇಶ ಪೋಲಿಯೊದಿಂದ ಮುಕ್ತವೆಂಬ ಮಾನ್ಯತೆ ಪಡೆಯಿತು. ಇಟ್ಟಿಗೆಭಟ್ಟಿಗೂ ಬಸ್ ನಿಲ್ದಾಣಕ್ಕೂ ಕುರಿದೊಡ್ಡಿಗೂ ಹೋಗಿ ಕೊನೆಯ ಮಗುವಿನ ಬಾಯಿಗೂ ಎರಡು ಹನಿ ಹಾಕಿದ್ದರಿಂದಲೇ ಅದು ಸಾಧ್ಯವಾಯಿತು.

ಐದನೆಯದು, ಕುಟುಂಬ ಯೋಜನೆ. ಹೆಣ್ಣುಮಕ್ಕಳು ಹೆಣ್ಣುಮಕ್ಕಳೊಡನೆ, ಗಂಡಸರು ಗಂಡಸರೊಡನೆ ಈ ಮಾತನ್ನು ಸಂಕೋಚವಿಲ್ಲದೆ ಆಡಬಹುದು. ಅಂತರಾ ಚುಚ್ಚುಮದ್ದನ್ನು ಮೂರು ತಿಂಗಳಿಗೊಮ್ಮೆ ಪಡೆಯುವಾಕೆ ಊರು ಬದಲಿಸಿದರೆ ಅದರ ಕಾರ್ಡನ್ನು ಜೊತೆಗೆ ಇಟ್ಟುಕೊಂಡು ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಬೇಕು. ಅಲೆಮಾರಿ ಜೀವನದವರಿಗೆ ಕಾಪರ್-ಟಿ ಹಾಗೂ ಗಂಡಸರ ಸರಳ ಶಸ್ತ್ರಚಿಕಿತ್ಸೆಯೂ ಅನುಕೂಲವಾಗಬಹುದು. ಆದರೆ ಆಯ್ಕೆ ಆ ದಂಪತಿಗಳದು. ತಿಳಿಸಿ ಹೇಳುವುದು ನಮ್ಮ ಧರ್ಮ. ಒತ್ತಾಯಿಸುವುದೂ ಅವರಿಗೆ ಮಕ್ಕಳೆಷ್ಟೆಂದು ನಗುವುದೂ ತಪ್ಪು.

ಕೊನೆಯದು, ಅನ್ನ ಮತ್ತು ಅಕ್ಷರ. ಬೇರೆ ಊರಿನ, ಬೇರೆ ರಾಜ್ಯದ ಪಡಿತರ ಚೀಟಿಯ ಮೇಲೂ ಈಗ ಧಾನ್ಯ ಪಡೆಯಲು ಅವಕಾಶವಿದೆ. ವರ್ಗಾವಣೆ ಪತ್ರವಿಲ್ಲವೆಂಬ ಕಾರಣಕ್ಕೆ ಮಗುವಿಗೆ ಶಾಲೆಯ ಪ್ರವೇಶವನ್ನು ತಡೆಯಬಾರದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆ ಹೇಳುತ್ತದೆ. ಈ ಸೌಲಭ್ಯಗಳು ಇದ್ದರೂ ಅವು ಇವೆಯೆಂಬುದು ಹೊಸಬರಿಗೆ ತಿಳಿಯದು. ಒಂದು ದಿನ ಅವರೊಡನೆ ಶಾಲೆಯವರೆಗೆ ನಡೆದುಹೋಗಿರಿ, ಅಷ್ಟೇ ಸಾಕು.

“ನಮ್ಮದೇ ನಮಗೆ ಸಾಲದು, ಇವರನ್ನೆಲ್ಲಿ ನೋಡೋಣ?” ಎಂದು ಕೆಲವರು ಕೇಳುತ್ತಾರೆ. ಮಳೆ ಕೈಕೊಟ್ಟ ವರ್ಷ ನಮ್ಮ ಊರುಗಳಿಂದಲೇ ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಎಷ್ಟು ಜನ ದುಡಿಯಲು ಹೋಗುವುದಿಲ್ಲ? 2004ರಲ್ಲಿ ಗೋವೆಯ ವಾಸ್ಕೋದ ಬೈನಾದಲ್ಲಿ ಕನ್ನಡಿಗ ಕೂಲಿಕಾರರ ಮನೆಗಳು ನೆಲಸಮವಾದಾಗ ಇಲ್ಲಿನ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಲಿಲ್ಲ. ಇಂದು ನಮ್ಮ ಮಗಳು ಅಲ್ಲಿ ತಗಡಿನ ಮನೆಯಲ್ಲಿ ಬಸುರಿಯಾಗಿದ್ದರೆ, ಅಲ್ಲಿಯ ಒಬ್ಬ ತಾಯಿ ಅವಳ ಬಾಗಿಲಿಗೆ ಬಂದು “ಹೇಗಿದ್ದೀಯವ್ವಾ?” ಎಂದು ಕೇಳಲಿ ಎಂದು ನಾವು ದೇವರಲ್ಲಿ ಬೇಡುತ್ತೇವೆ. ಇಲ್ಲಿಗೆ ಬಂದವಳ ತಾಯಿಯೂ ಎಲ್ಲಿಯೋ ಕುಳಿತು ಅದನ್ನೇ ಬೇಡುತ್ತಿರುತ್ತಾಳೆ. ಅವಳ ಮೊರೆಗೆ ಓಗೊಡುವುದು ನಮ್ಮ ಕೈಯಲ್ಲಿದೆ.

ಎಳ್ಳು ಅಮಾವಾಸ್ಯೆಯ ದಿನ ನಾವು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ ಉಣ್ಣುತ್ತೇವೆ. ಈ ಸಲ ಬದುವಿನ ಗುಡಿಸಲಿನವರನ್ನೂ ಕರೆಯಿರಿ. ನಿಮ್ಮ ರೊಟ್ಟಿ, ಅವರ ಹಾಡು ಎರಡೂ ಒಂದೇ ಜಮಖಾನೆಯ ಮೇಲೆ ಕೂಡಲಿ.

ಊರಿಗೆ ಬಂದವಳು ನೀರಿಗೆ ಬಂದೇ ಬರುತ್ತಾಳೆ. ಅವಳ ಕೊಡ ಖಾಲಿಯಾಗಿ ಹಿಂದಿರುಗದಿರಲಿ ಎಂದು ಕೇಳಿಕೊಂಡು ನನ್ನ ಮಾತುಗಳನ್ನು ಮುಗಿಸುತ್ತೇನೆ.