ಬೂತಾಯಿ ಬದಲು ಸೋಯಾ ಹಾಕಿದ್ರೆ ಸಮುದ್ರ ಉಳಿಯುತ್ತಾ?

ನಿಮ್ಮ ಮೆಸೇಜ್‌ಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರ್ತಾ ಇದೆ. ಮೀನು ಸಾಕೋಕೆ ಮೀನನ್ನೇ ಪುಡಿ ಮಾಡಿ ಹಾಕೋದು ಯಾಕೆ? ಸೋಯಾನೋ, ಹುಳವೋ ಹಾಕಿದ್ರೆ ಆಗಲ್ವಾ? ಆಗುತ್ತೆ. ಆಗ್ತಾನೂ ಇದೆ. ಆದರೆ ಅಷ್ಟಕ್ಕೇ ಸಮುದ್ರದ ಮೀನು ಉಳಿದುಬಿಡುತ್ತೆ ಅನ್ನೋ ಮಾತನ್ನ ನಾನು ಒಪ್ಪಲ್ಲ. ಯಾಕೆ ಅಂತ ಇವತ್ತು ಲೆಕ್ಕ ಹಾಕಿಯೇ ನೋಡೋಣ.

ಫಿಶ್‌ಮೀಲ್ ಅಂದರೆ ಏನು ಅನ್ನೋದು ಉಳ್ಳಾಲ, ಮಲ್ಪೆ ಕಡೆಯವರಿಗೆ ವಾಸನೆಯಿಂದಲೇ ಗೊತ್ತು. ಬೂತಾಯಿ, ಅಂದರೆ ಕಾರವಾರದ ಕಡೆ ತಾರ್ಲೆ ಅಂತಾರಲ್ಲ ಅದು, ಜೊತೆಗೆ ಟ್ರಾಲ್ ಬೋಟಿಗೆ ಸಿಕ್ಕ ಸಣ್ಣಪುಟ್ಟ ಮೀನು. ಇವನ್ನು ಬೇಯಿಸಿ, ಹಿಂಡಿ ಎಣ್ಣೆ ತೆಗೆದು, ಒಣಗಿಸಿ ಪುಡಿ ಮಾಡ್ತಾರೆ. ನಾಲ್ಕೈದು ಕೆಜಿ ಹಸಿ ಮೀನಿಗೆ ಒಂದು ಕೆಜಿ ಪುಡಿ. ಅದರಲ್ಲಿ ಶೇ 60ರ ಮೇಲೆ ಪ್ರೋಟೀನ್. ಆಂಧ್ರದ ಕೆರೆಗಳ ರೋಹು, ಕಾಟ್ಲಾ ಹೆಚ್ಚಾಗಿ ಅಕ್ಕಿ ತೌಡು, ಹಿಂಡಿ ತಿಂದೇ ಬೆಳೆಯುತ್ತವೆ, ಅವಕ್ಕೆ ಇದರ ಹಂಗು ಕಡಿಮೆ. ಇದು ಬೇಕಾಗಿರೋದು ಸಿಗಡಿಗೆ, ಸಾಲ್ಮನ್‌ಗೆ, ಮಾಂಸ ತಿನ್ನೋ ಜಾತಿಯ ಮೀನುಗಳಿಗೆ.

ಈಗ ಸೋಯಾ ಹಿಂಡಿ. ಪ್ರೋಟೀನ್ ಶೇ 45ರ ಆಸುಪಾಸು. ನಾನು ಬಿಕಾಂ ಓದಿದವನು, ಹಾಗಾಗಿ ಕೆಜಿ ರೇಟ್ ನೋಡಲ್ಲ, ಪ್ರೋಟೀನ್ ರೇಟ್ ನೋಡ್ತೀನಿ. ಬರೀ ಲೆಕ್ಕಕ್ಕೆ ಅಂತ ಇಟ್ಕೊಳ್ಳಿ, ಫಿಶ್‌ಮೀಲ್ ಕೆಜಿಗೆ 120 ರೂಪಾಯಿ, ಸೋಯಾ 45. ಆಗ ಒಂದು ಕೆಜಿ ಪ್ರೋಟೀನ್ ಒಂದರಲ್ಲಿ 200 ರೂಪಾಯಿಗೆ ಬೀಳುತ್ತೆ, ಇನ್ನೊಂದರಲ್ಲಿ 100ಕ್ಕೆ. ಮತ್ತೆ ಎಲ್ಲರೂ ಯಾಕೆ ಪೂರ್ತಿ ಸೋಯಾಗೆ ಹೋಗಿಲ್ಲ? ಸೋಯಾದಲ್ಲಿ ಮೆಥಿಯೋನಿನ್ ಅನ್ನೋ ಅಮೈನೋ ಆಮ್ಲ ಕಡಿಮೆ, ಅದನ್ನ ಹೊರಗಿಂದ ಸೇರಿಸಬೇಕು. ಜೀರ್ಣಕ್ಕೆ ಅಡ್ಡ ಬರೋ ಅಂಶಗಳಿವೆ. ಸಾಲ್ಮನ್‌ಗೆ ಮಾಮೂಲಿ ಸೋಯಾ ಹಿಂಡಿ ಜಾಸ್ತಿ ಹಾಕಿದ್ರೆ ಕರುಳು ಊದಿಕೊಳ್ಳುತ್ತೆ. ಅದಕ್ಕೇ ಅಲ್ಲಿ ಸೋಯಾ ಪ್ರೋಟೀನ್ ಕಾನ್ಸಂಟ್ರೇಟ್ ಬಳಸ್ತಾರೆ, ಅದು ದುಬಾರಿ. ರುಚಿನೂ ಒಂದು ವಿಷಯ ಕಣ್ರೀ. ಹಿಡಿಸದೇ ಇದ್ರೆ ಸಿಗಡಿ ತಿನ್ನಲ್ಲ, ಫೀಡ್ ನೀರಲ್ಲಿ ಕೊಳೆಯುತ್ತೆ, ಸಾಲ ಮಾಡಿ ಕೊಳ ತೋಡಿಸಿದವನ ದುಡ್ಡೂ ಅದರ ಜೊತೆ ಕೊಳೆಯುತ್ತೆ. ಸೋಯಾ ಬೆಲೆಯಾದ್ರೂ ನಿಂತಲ್ಲಿ ನಿಲ್ಲುತ್ತಾ ಅಂದರೆ ಅದೂ ಇಲ್ಲ. 2021ರಲ್ಲಿ ರೇಟ್ ಎಷ್ಟು ಏರಿತು ಅಂದ್ರೆ, ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ಆಮದಿಗೆ ಒಪ್ಪಿಗೆ ಕೊಡಬೇಕಾಯ್ತು.

ಇನ್ನು ಹುಳ. ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನೋ ನೊಣದ ಮರಿ. ತರಕಾರಿ ಕಸ ತಿಂದು ಎರಡು ವಾರದಲ್ಲಿ ದಷ್ಟಪುಷ್ಟ ಆಗುತ್ತೆ, ಒಣಗಿಸಿದರೆ ಶೇ 40ರಷ್ಟು ಪ್ರೋಟೀನ್. ಯೂಟ್ಯೂಬ್‌ನಲ್ಲಿ ಇದರ ಬಗ್ಗೆ ಕನಸು ಮಾರೋರು ಬಹಳ. ಯುರೋಪ್ 2017ರಲ್ಲೇ ಮೀನಿನ ಫೀಡ್‌ಗೆ ಕೀಟದ ಪ್ರೋಟೀನ್ ಹಾಕೋಕೆ ಅನುಮತಿ ಕೊಟ್ಟಿದೆ. ಆದರೆ ಫ್ರಾನ್ಸಿನ ಇನ್ಸೆಕ್ಟ್ ಅನ್ನೋ ಕಂಪನಿಯ ಕಥೆ ಕೇಳಿ. ಅದು ಸಾಕ್ತಿದ್ದದ್ದು ಬೇರೆ ಹುಳ, ಮೀಲ್‌ವರ್ಮ್. 50 ಕೋಟಿ ಡಾಲರ್‌ಗೂ ಹೆಚ್ಚು ಬಂಡವಾಳ ಎತ್ತಿತ್ತು. ಮೀನಿನ ಫೀಡ್‌ನ ರೇಟಿಗೆ ಗಿಟ್ಟದೆ ನಾಯಿ, ಬೆಕ್ಕಿನ ಆಹಾರದ ಕಡೆ ತಿರುಗ್ತು. 2024ರಲ್ಲಿ ಸಾಲಗಾರರಿಂದ ರಕ್ಷಣೆ ಕೇಳಿ ಕೋರ್ಟಿಗೆ ಹೋಯ್ತು. ಊರಲ್ಲಿ ಹತ್ತು ಡ್ರಮ್ ಇಟ್ಟು ಹುಳ ಸಾಕಿ ಸ್ವಂತ ಕೋಳಿಗೆ ಹಾಕೋದು ಬೇರೆ, ಫೀಡ್ ಫ್ಯಾಕ್ಟರಿಗೆ ತಿಂಗಳಾ ಟನ್‌ಗಟ್ಟಲೆ ಒಂದೇ ಗುಣಮಟ್ಟದಲ್ಲಿ ಕೊಡೋದು ಬೇರೆ. ಎರಡನೆಯದಕ್ಕೆ ಸಾಲ ತಗೊಳ್ಳೋರು ದಯವಿಟ್ಟು ಕೊಳ್ಳೋರು ಯಾರು ಅಂತ ಮೊದಲು ಬರವಣಿಗೆಯಲ್ಲಿ ತಗೊಳ್ಳಿ.

ಸರಿ, ಈಗ ಮೊದಲು ಹೇಳಿದ ಮಾತಿಗೆ ಬರ್ತೀನಿ. ಬದಲಿ ಪ್ರೋಟೀನ್ ಅಂದ ಕೂಡಲೇ ಎಲ್ಲರೂ ತೋರಿಸೋದು ನಾರ್ವೆಯನ್ನ. 1990ರಲ್ಲಿ ಅಲ್ಲಿನ ಸಾಲ್ಮನ್ ಫೀಡ್‌ನಲ್ಲಿ ಶೇ 65ರಷ್ಟು ಫಿಶ್‌ಮೀಲ್ ಇತ್ತು, 2020ಕ್ಕೆ ಶೇ 12ರ ಹತ್ತಿರ ಇಳೀತು. ಭಾರೀ ಸಾಧನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಅವಧಿಯಲ್ಲಿ ಸಾಲ್ಮನ್ ಉತ್ಪಾದನೆ ಸುಮಾರು ಒಂದೂವರೆ ಲಕ್ಷ ಟನ್‌ನಿಂದ 14 ಲಕ್ಷ ಟನ್‌ಗೆ ಹೋಯ್ತು. ಒಂದು ಟನ್ ಮೀನಿಗೆ ಒಂದು ಟನ್ ಫೀಡ್ ಅಂತ ಸರಳ ಮಾಡ್ಕೊಳ್ಳಿ. ಆಗ ಬೇಕಿದ್ದ ಫಿಶ್‌ಮೀಲ್ 1 ಲಕ್ಷ ಟನ್‌ಗೂ ತುಸು ಕಡಿಮೆ, ಈಗ 1.68 ಲಕ್ಷ ಟನ್. ಪರ್ಸೆಂಟೇಜ್ ಬಿತ್ತು, ಮೊತ್ತ ಏರಿತು! ಜಗತ್ತಿನ ಒಟ್ಟು ಫಿಶ್‌ಮೀಲ್ ನೋಡಿದರೂ ವರ್ಷಕ್ಕೆ ಸುಮಾರು 50 ಲಕ್ಷ ಟನ್, ಅಲ್ಲಲ್ಲೇ ನಿಂತಿದೆ. ಹೆಚ್ಚುಕಡಿಮೆ ಮೂರನೇ ಒಂದು ಭಾಗ ಈಗ ಮೀನಿನ ತಲೆ, ಮುಳ್ಳು, ಕತ್ತರಿಸಿ ಉಳಿದದ್ದರಿಂದ ಬರುತ್ತೆ, ಅದು ಒಳ್ಳೇದೇ. ಮಿಕ್ಕಿದ್ದು ಇಡೀ ಮೀನು. ಸೋಯಾ ಬಂದಿದ್ದರಿಂದ ಅಷ್ಟೇ ಫಿಶ್‌ಮೀಲ್‌ನಲ್ಲಿ ಜಾಸ್ತಿ ಸಾಲ್ಮನ್ ಬೆಳೀತು, ಅಷ್ಟೇ.

ಹಿಡಿಯೋದು ನಿಂತಿದ್ದು ಎಲ್ಲಿ? ಪೆರುವಿನಲ್ಲಿ, 2023ರಲ್ಲಿ. ಫಿಶ್‌ಮೀಲ್‌ಗೆ ಅತಿ ದೊಡ್ಡ ದೇಶ ಅದು. ಬಲೆಗೆ ಮರಿ ಮೀನೇ ಜಾಸ್ತಿ ಬೀಳ್ತಿದೆ ಅಂತ ಸರ್ಕಾರ ಆಂಚೊವಿ ಹಿಡಿಯೋ ವರ್ಷದ ಮೊದಲ ಸೀಸನ್ನನ್ನೇ ರದ್ದು ಮಾಡ್ತು. ಜಗತ್ತಿನಾದ್ಯಂತ ಫಿಶ್‌ಮೀಲ್ ರೇಟ್ ಏರಿತು. ಫೀಡ್ ಕಂಪನಿಗಳು ಆಗ ನಿಜವಾಗಿ ಬದಲಿ ಹುಡುಕೋಕೆ ಓಡಿದವು.

ನಮ್ಮ ಕಡೆ ನೋಡಿ. ಕೇರಳದಲ್ಲಿ ಬೂತಾಯಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿತ್ತು, 2021ರಲ್ಲಿ 3,297 ಟನ್. ಇದು ಸಿಎಂಎಫ್‌ಆರ್‌ಐ ಅಂದಾಜು. ಸಮುದ್ರದ ಬಿಸಿ, ಎಲ್ ನಿನೋ ಎಲ್ಲಾ ಕಾರಣ ಇದೆ, ಮರಿಗಳನ್ನ ಬಾಚಿದ್ದೂ ಸೇರಿದೆ. 2015ರಲ್ಲಿ ಕೇರಳ ಕನಿಷ್ಠ ಗಾತ್ರದ ನಿಯಮ ತಂತು, ಬೂತಾಯಿಗೆ 10 ಸೆಂಟಿಮೀಟರ್. ಅದಕ್ಕಿಂತ ಚಿಕ್ಕದನ್ನ ಅಲ್ಲಿ ಹಿಡಿಯೋ ಹಾಗಿಲ್ಲ. ಆದರೆ ಮರಿ ಮೀನು ತುಂಬಿದ ಲಾರಿಗಳು ಗಡಿ ದಾಟಿ ನಮ್ಮ ಕರಾವಳಿಯ ಫ್ಯಾಕ್ಟರಿಗಳಿಗೆ ಬಂದದ್ದನ್ನ ಪೇಪರ್‌ನಲ್ಲಿ ಓದಿದ್ದೀವಿ. ಆ ಲಾರಿ ನಿಲ್ಲಬೇಕಾದ್ರೆ ಬಂದರಿನ ದಕ್ಕೆಯಲ್ಲಿ ಅಳತೆಪಟ್ಟಿ ಬೇಕು, ಎರಡೂ ಕಡೆ.

ಬಂದರಿನಲ್ಲಿ ಕೆಲಸ ಮಾಡೋರು ಯಾರಾದ್ರೂ ಕೇಳ್ತಾ ಇದ್ರೆ, ಬೂತಾಯಿ ಮರಿಗೆ ಫ್ಯಾಕ್ಟರಿಯವರು ಈಗ ಕೆಜಿಗೆ ಎಷ್ಟು ಕೊಡ್ತಿದ್ದಾರೆ, ಊಟದ ಮೀನಿಗೆ ಎಷ್ಟು ಸಿಗ್ತಿದೆ, ಒಂದು ವಾಯ್ಸ್ ನೋಟ್ ಕಳಿಸಿ. ಹೆಸರು ಹೇಳೋದು ಬೇಡ. ಮುಂದಿನ ಎಪಿಸೋಡ್‌ನಲ್ಲಿ ಆ ಎರಡು ರೇಟ್ ಪಕ್ಕಪಕ್ಕ ಇಟ್ಟು ಮಾತಾಡೋಣ.